ಮನೆಯಲ್ಲೇ ಕಾರು ರಿಪೇರಿ: ಬಿಚ್ಚುವ ಮೊದಲು ಅಳೆಯಿರಿ

ಬೆಳಗ್ಗೆ ಕೀ ತಿರುಗಿಸಿದರೆ ಕಾರು ಟಕ್ ಟಕ್ ಅನ್ನುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಪಕ್ಕದ ಮನೆಯವರು ಬಂದು ನೋಡಿ "ಬ್ಯಾಟರಿ ಹೋಗಿದೆ" ಅನ್ನುತ್ತಾರೆ. ಹೊಸ ಬ್ಯಾಟರಿ ಹಾಕಿಸುತ್ತೀರಿ. ಎರಡು ತಿಂಗಳಲ್ಲಿ ಮತ್ತೆ ಅದೇ ಟಕ್ ಟಕ್. ಈ ಸಲ "ಸೆಲ್ಫ್ ಮೋಟಾರ್ ವೀಕ್ ಆಗಿದೆ" ಅಂತ ತೀರ್ಪು. ಅದೂ ಬದಲಾಗುತ್ತದೆ. ಕೊನೆಗೆ ನೋಡಿದರೆ ಎಂಜಿನ್‌ಗೂ ಬಾಡಿಗೂ ನಡುವಿನ ಅರ್ತ್ ವೈರ್ ತುಕ್ಕು ಹಿಡಿದಿರುತ್ತದೆ, ಅಷ್ಟೇ. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿ ಮಾಡಿದ್ದರೆ ಅವತ್ತೇ ಮುಗಿಯುತ್ತಿತ್ತು.

ಮನೆಯಲ್ಲಿ ಕಾರಿನ ಕೆಲಸ ಕಲಿಯಬೇಕು ಅನ್ನುವವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ದೊಡ್ಡದೊಂದು ಸ್ಪಾನರ್ ಸೆಟ್. ನನ್ನನ್ನು ಕೇಳಿದರೆ ಮೊದಲು ಬೇಕಾದ್ದು ವೋಲ್ಟ್, ಕರೆಂಟ್ ಅಳೆಯುವ ಮಲ್ಟಿಮೀಟರ್. ಬಿಚ್ಚಿ ಜೋಡಿಸುವುದು ಕೈಗೆ ಬೇಗ ಬರುತ್ತದೆ. ಯಾವುದನ್ನು ಬಿಚ್ಚಬೇಕು ಅನ್ನುವುದು ಬರುವುದೇ ನಿಧಾನ. ಅದು ಬರದೆ ಸ್ಪಾನರ್ ಹಿಡಿದರೆ ಒಂದೊಂದೇ ಪಾರ್ಟ್ ಬದಲಿಸುತ್ತಾ ಹೋಗುತ್ತೀರಿ. ಆ ಕೆಲಸ ಗ್ಯಾರೇಜಿನಲ್ಲೂ ಆಗುತ್ತದೆ, ದುಡ್ಡು ಕೊಟ್ಟರೆ ಸಾಕು.

ಬ್ಯಾಟರಿ ಹೇಳುವ ನಾಲ್ಕು ಸಂಖ್ಯೆ

ಕೆಲವು ನೂರು ರೂಪಾಯಿಯ ಮೀಟರ್ ಸಾಕು. ಬೆಂಗಳೂರಿನವರಾದರೆ ಎಸ್‌.ಪಿ. ರೋಡಿನಲ್ಲಿ ಬೇಕಾದಷ್ಟು ಸಿಗುತ್ತವೆ. ಡಿಸಿ 20 ವೋಲ್ಟ್‌ಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್‌ಗೆ, ಕಪ್ಪನ್ನು ಮೈನಸ್‌ಗೆ ಮುಟ್ಟಿಸಿ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದೆ ಅಂತ ಅರ್ಥ. 12.2 ಅಂದರೆ ಸುಮಾರು ಅರ್ಧ. 11.9ಕ್ಕಿಂತ ಕೆಳಗಿದ್ದರೆ ಖಾಲಿ.

ಮುಂದಿನದು ಸೆಲ್ಫ್ ಹೊಡೆಯುವಾಗಿನ ಸಂಖ್ಯೆ. ಒಬ್ಬರು ಒಳಗೆ ಕೂತು ಕೀ ತಿರುಗಿಸಲಿ, ನೀವು ಮೀಟರ್ ನೋಡಿ. ಸೆಲ್ಫ್ ಮೋಟಾರ್ ನೂರಾರು ಆಂಪಿಯರ್ ಎಳೆಯುತ್ತದೆ, ಹಾಗಾಗಿ ವೋಲ್ಟ್ ಇಳಿಯುವುದು ಸಹಜ. 10ರ ಮೇಲೆ ನಿಂತರೆ ಬ್ಯಾಟರಿ ಗಟ್ಟಿಯಿದೆ. ನಿಂತಾಗ 12.6 ಇದ್ದದ್ದು ಸೆಲ್ಫ್ ಹೊಡೆದಾಗ 8ಕ್ಕೆ ಬಿದ್ದರೆ ಬ್ಯಾಟರಿಯ ಮೇಲೆ ಅನುಮಾನ ಪಡಬಹುದು. ಮೂರನೆಯದು ಎಂಜಿನ್ ಓಡುವಾಗಿನದು. ಹೆಚ್ಚಿನ ಕಾರುಗಳಲ್ಲಿ 13.5ರಿಂದ 14.7ರ ಒಳಗೆ ಇರಬೇಕು. 12.3ರಲ್ಲೇ ನಿಂತಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. (ಹಳೆಯ ಮೆಕ್ಯಾನಿಕ್‌ಗಳು ಇವತ್ತಿಗೂ ಅದನ್ನು ಡೈನಮೋ ಅನ್ನುತ್ತಾರೆ.) ಮೈಲ್ಡ್ ಹೈಬ್ರಿಡ್ ಥರದ ಹೊಸ ಕಾರುಗಳಲ್ಲಿ ಕಂಪ್ಯೂಟರೇ ಪೆಟ್ರೋಲ್ ಉಳಿಸಲು ಚಾರ್ಜಿಂಗನ್ನು ಏರಿಸಿ ಇಳಿಸುತ್ತದೆ. ಅಲ್ಲಿ ಒಂದೇ ಸಲ ನೋಡಿ ತೀರ್ಮಾನಕ್ಕೆ ಬರಬೇಡಿ.

ನಾಲ್ಕನೆಯ ಸಂಖ್ಯೆಯನ್ನು ನೋಡುವವರೇ ಕಡಿಮೆ. ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೇ ಇಡಿ. ಕೆಂಪು ಕಡ್ಡಿಯನ್ನು ಎಂಜಿನ್‌ನ ಯಾವುದಾದರೂ ಬರಿ ಲೋಹಕ್ಕೆ ಒತ್ತಿ ಹಿಡಿಯಿರಿ. ಸುಮ್ನೆ ನಿಂತಾಗ ಸೊನ್ನೆ ತೋರಿಸುತ್ತದೆ. ಈಗ ಸೆಲ್ಫ್ ಹೊಡೆಸಿ. ಅರ್ತ್ ಚೆನ್ನಾಗಿದ್ದರೆ 0.2 ವೋಲ್ಟ್ ಆಸುಪಾಸು ಬರುತ್ತದೆ. 1 ವೋಲ್ಟ್ ಬಂತು ಅಂದರೆ ಅಷ್ಟು ವೋಲ್ಟ್ ಸೆಲ್ಫ್ ಮೋಟಾರಿಗೆ ತಲುಪದೆ ಆ ತುಕ್ಕಿನಲ್ಲೇ ಬಿಸಿಯಾಗಿ ಹೋಗುತ್ತಿದೆ. ಮೇಲೆ ಹೇಳಿದ ಕಾರಿನ ರೋಗ ಇದೇ. ಕರಾವಳಿಯಲ್ಲಿ, ಉಪ್ಪು ಗಾಳಿ ಮತ್ತು ನಾಲ್ಕು ತಿಂಗಳ ಮಳೆ ಸೇರಿದಾಗ, ಇದು ಇನ್ನೂ ಜಾಸ್ತಿ. ವೈರ್ ಒಳ್ಳೆಯದಿದ್ದು ಜೋಡಣೆ ಕೆಟ್ಟಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಮೀಟರ್‌ಗೆ ಕಾಣುತ್ತದೆ.

ಇನ್ನೊಂದು ದೂರು: "ನಾಲ್ಕು ದಿನ ಓಡಿಸದಿದ್ದರೆ ಬ್ಯಾಟರಿ ಡೌನ್." ಕಾರು ಆಫ್ ಇದ್ದಾಗಲೂ ಗಡಿಯಾರ, ಅಲಾರಂ, ಕಂಪ್ಯೂಟರ್ ಸ್ವಲ್ಪ ಕರೆಂಟ್ ಕುಡಿಯುತ್ತವೆ. ಇದು 50 ಮಿಲಿ ಆಂಪಿಯರ್ ಒಳಗಿದ್ದರೆ ಸರಿ. ಈಗ ಯಾರೋ ಹೊರಗಿನ ಸ್ಟೀರಿಯೊ ಅಥವಾ ಡ್ಯಾಶ್‌ಕ್ಯಾಮ್ ಹಾಕಿಕೊಟ್ಟು, ಕೀ ತೆಗೆದರೂ ಆರದ ವೈರಿಗೆ ಜೋಡಿಸಿದ್ದಾರೆ ಅಂದುಕೊಳ್ಳಿ. ಅದು 300 ಮಿಲಿ ಆಂಪಿಯರ್ ಎಳೆದರೆ ದಿನಕ್ಕೆ 7.2 ಆಂಪಿಯರ್ ಅವರ್ ಹೋಯಿತು. ಸಣ್ಣ ಕಾರಿನ ಬ್ಯಾಟರಿ ಇರುವುದೇ 35ರ ಆಸುಪಾಸು. ಐದು ದಿನಕ್ಕೆ ಪೂರ್ತಿ ಖಾಲಿ, ಆದರೆ ಸೆಲ್ಫ್ ಹೊಡೆಯುವ ಶಕ್ತಿ ಅದಕ್ಕೂ ಮೊದಲೇ ಹೋಗಿರುತ್ತದೆ. ಲೆಕ್ಕ ಸರಿಯಾಯಿತಲ್ವಾ?

ಇದನ್ನು ಹಿಡಿಯಲು ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಬದಲಿಸಿ, ಮೈನಸ್ ಕೇಬಲ್ ಬಿಚ್ಚಿ, ಕಂಬಕ್ಕೂ ಕೇಬಲ್‌ಗೂ ನಡುವೆ ಮೀಟರ್ ಸೇರಿಸಬೇಕು. ಬಾಗಿಲು ಮುಚ್ಚಿ ಅರ್ಧ ಗಂಟೆ ಬಿಡಿ, ಕಾರಿನ ಕಂಪ್ಯೂಟರ್‌ಗಳು ನಿದ್ದೆಗೆ ಹೋಗಲಿ. ಆಮೇಲೂ ಕರೆಂಟ್ ಜಾಸ್ತಿ ತೋರಿಸಿದರೆ ಒಂದೊಂದೇ ಫ್ಯೂಸ್ ಕಿತ್ತು ನೋಡಿ. ಯಾವುದು ಕಿತ್ತಾಗ ಸಂಖ್ಯೆ ಧಡಕ್ಕನೆ ಇಳಿಯುತ್ತದೋ ಕಳ್ಳ ಆ ಸಾಲಿನಲ್ಲಿದ್ದಾನೆ. ಮೀಟರ್ ಹೀಗೆ ಸೇರಿಸಿರುವಾಗ ಮಾತ್ರ ಮರೆತೂ ಸೆಲ್ಫ್ ಹೊಡೆಯಬೇಡಿ, ಮೀಟರ್ ಸುಟ್ಟುಹೋಗುತ್ತದೆ.

ಅಂದ ಹಾಗೆ, ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಕಾರಣ ಸರಳ. ಇಡೀ ಬಾಡಿ ಮೈನಸ್‌ಗೆ ಸೇರಿದೆ. ಪ್ಲಸ್ ಬಿಚ್ಚುವಾಗ ಸ್ಪಾನರ್ ಜಾರಿ ಬಾಡಿಗೆ ತಾಗಿದರೆ ಬ್ಯಾಟರಿಯ ಪೂರ್ತಿ ಕರೆಂಟ್ ಸ್ಪಾನರಿನಲ್ಲೇ ಹರಿಯುತ್ತದೆ. ಮೈನಸ್ ಮೊದಲೇ ಬಿಚ್ಚಿದ್ದರೆ ಏನೂ ಆಗುವುದಿಲ್ಲ.

ಬಿಗಿ ಅಂದರೆ ಎಷ್ಟು ಬಿಗಿ?

ಈಗ ಸ್ಪಾನರ್‌ಗೆ ಬರೋಣ. 8, 10, 12, 14, 17, 19. ಜಪಾನ್ ಮತ್ತು ಕೊರಿಯಾ ಮೂಲದ ಕಾರುಗಳಿಗೆ ಈ ಅಳತೆಗಳು ಹೆಚ್ಚಿನ ಕೆಲಸ ಮಾಡಿಸುತ್ತವೆ. ಯುರೋಪಿನ ಕಾರಾದರೆ 13, 16 ಮತ್ತು ನಕ್ಷತ್ರ ತಲೆಯ ಟಾರ್ಕ್ಸ್ ಬಿಟ್‌ಗಳೂ ಬೇಕು. 10ರ ಸಾಕೆಟ್ ಎರಡು ಇಟ್ಟುಕೊಳ್ಳಿ, ಕಳೆದುಹೋಗುವುದು ಯಾವಾಗಲೂ ಅದೇ. ಸಾಕೆಟ್ ಕೊಳ್ಳುವಾಗ ಆರು ಮೂಲೆಯದು ತೆಗೆದುಕೊಳ್ಳಿ. ಹನ್ನೆರಡು ಮೂಲೆಯದು ಬೋಲ್ಟಿನ ಮೂಲೆಗಳನ್ನಷ್ಟೇ ಹಿಡಿಯುತ್ತದೆ, ಹಳೆಯ ಬೋಲ್ಟ್ ಆದರೆ ತಲೆ ಉರುಟಾಗಿಬಿಡುತ್ತದೆ. ನೂರೆಂಟು ಪೀಸಿನ ಅಗ್ಗದ ಸೆಟ್ಟಿಗಿಂತ ಹತ್ತು ಪೀಸಿನ ಒಳ್ಳೆಯ ಸೆಟ್ ವಾಸಿ.

ಹೊಸಬರು ಜಾಸ್ತಿ ಕೆಡಿಸುವುದು ಬಿಗಿ ಮಾಡುವಾಗ. ಬೋಲ್ಟ್ ಹೇಗೆ ಹಿಡಿದುಕೊಳ್ಳುತ್ತದೆ ಅನ್ನುವುದು ತಿಳಿದರೆ ಈ ಸಮಸ್ಯೆ ಅರ್ಧ ಮುಗಿಯಿತು. ಬಿಗಿ ಮಾಡಿದಾಗ ಬೋಲ್ಟ್ ಕೂದಲೆಳೆಯಷ್ಟು ಉದ್ದವಾಗುತ್ತದೆ. ಮತ್ತೆ ಚಿಕ್ಕದಾಗಲು ಅದು ಎಳೆಯುವ ಬಲವೇ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಕಡಿಮೆ ಬಿಗಿದರೆ ಆ ಬಲ ಸಾಲದೆ ಸಡಿಲವಾಗುತ್ತದೆ. ಜಾಸ್ತಿ ಬಿಗಿದರೆ ಬೋಲ್ಟ್ ವಾಪಸ್ ಬರದಷ್ಟು ಹಿಗ್ಗುತ್ತದೆ, ಇಲ್ಲವೇ ಥ್ರೆಡ್ ಸ್ಲಿಪ್ ಆಗುತ್ತದೆ. ಅಲ್ಯೂಮಿನಿಯಂನಲ್ಲಿ ಕೊರೆದ ಥ್ರೆಡ್ ಬಲು ಬೇಗ ಸ್ಲಿಪ್ ಆಗುತ್ತದೆ. ಎಂಜಿನ್ ಆಯಿಲ್ ಪ್ಯಾನಿನ ಡ್ರೈನ್ ಬೋಲ್ಟ್, ಸ್ಪಾರ್ಕ್ ಪ್ಲಗ್ ಕೂರುವ ಸಿಲಿಂಡರ್ ಹೆಡ್ ಎರಡೂ ಎಷ್ಟೋ ಕಾರುಗಳಲ್ಲಿ ಅಂಥವೇ.

ಆದ್ದರಿಂದಲೇ ಕಂಪನಿ ಪ್ರತಿ ಬೋಲ್ಟಿಗೂ ಒಂದು ಟಾರ್ಕ್ (ತಿರುಗಿಸುವ ಬಲ) ಕೊಟ್ಟಿರುತ್ತದೆ, ನ್ಯೂಟನ್ ಮೀಟರ್ ಲೆಕ್ಕದಲ್ಲಿ. ಸಣ್ಣ ಕಾರುಗಳ ವೀಲ್ ನಟ್ 85ರಿಂದ 110ರ ಒಳಗೆ, ಡ್ರೈನ್ ಬೋಲ್ಟ್ 35ರ ಆಸುಪಾಸು, ಪ್ಲಗ್ 25 ಅಥವಾ ಅದಕ್ಕೂ ಕಡಿಮೆ. ನಿಮ್ಮ ಕಾರಿನ ನಿಖರ ಸಂಖ್ಯೆಯನ್ನು ಅದರ ಮ್ಯಾನ್ಯುಯಲ್‌ನಲ್ಲೇ ನೋಡಿ. 100 ನ್ಯೂಟನ್ ಮೀಟರ್ ಅಂದರೆ ಒಂದು ಮೀಟರ್ ಉದ್ದದ ಹಿಡಿಯ ತುದಿಯಲ್ಲಿ ಸುಮಾರು 10 ಕಿಲೋ ಭಾರ. ಡಿಕ್ಕಿಯಲ್ಲಿ ಬರುವ ವೀಲ್ ಸ್ಪಾನರ್ ಕಾಲು ಮೀಟರ್ ಇದ್ದರೆ 40 ಕಿಲೋ ಒತ್ತಬೇಕು. 70 ಕಿಲೋ ತೂಗುವವರು ಅದರ ಮೇಲೆ ಹತ್ತಿ ನಿಂತರೆ 170 ದಾಟುತ್ತದೆ. ರಸ್ತೆ ಬದಿಯಲ್ಲಿ ಹೀಗೆ ಹತ್ತಿ ಕುಣಿಯುವುದನ್ನು ನೀವೂ ನೋಡಿರುತ್ತೀರಿ. ಮುಂದೆ ಪಂಕ್ಚರ್ ಆದಾಗ ಆ ನಟ್ ಯಾಕೆ ಬರುವುದಿಲ್ಲ ಅನ್ನುವುದಕ್ಕೆ ಉತ್ತರ ಅಲ್ಲೇ ಇದೆ.

ಇದರಲ್ಲಿ ಒಂದು ಸೂಕ್ಷ್ಮವಿದೆ. ನೀವು ಹಾಕುವ ಟಾರ್ಕಿನಲ್ಲಿ ನಿಜವಾಗಿ ಬೋಲ್ಟನ್ನು ಎಳೆಯುವುದು ಶೇಕಡಾ 10–15 ಮಾತ್ರ. ಉಳಿದದ್ದು ತಲೆಯಡಿಯ ಮತ್ತು ಥ್ರೆಡ್‌ನ ಉಜ್ಜಾಟಕ್ಕೇ ಹೋಗುತ್ತದೆ. ಥ್ರೆಡ್‌ಗೆ ಎಣ್ಣೆ ಸವರಿದರೆ ಉಜ್ಜಾಟ ಇಳಿಯುತ್ತದೆ, ಅದೇ ಟಾರ್ಕಿಗೆ ಬೋಲ್ಟ್ ಎಷ್ಟೋ ಜಾಸ್ತಿ ಹಿಗ್ಗುತ್ತದೆ. ಹಾಗಾಗಿ ಮ್ಯಾನ್ಯುಯಲ್ ಎಣ್ಣೆ ಹಾಕಿ ಅನ್ನದ ಕಡೆ ಹಾಕಬೇಡಿ. ವೀಲ್ ನಟ್‌ಗಂತೂ ಬೇಡವೇ ಬೇಡ.

ಕಾರು ಎತ್ತುವ ವಿಷಯ

ಇಲ್ಲಿ ತಮಾಷೆ ಇಲ್ಲ. ಡಿಕ್ಕಿಯ ಜಾಕಿ ಇರುವುದು ಸ್ಟೆಪ್ನಿ ಬದಲಿಸುವುದಕ್ಕೆ. ಅದರ ಭರವಸೆಯ ಮೇಲೆ ಕಾರಿನಡಿ ಮಲಗಬಾರದು. ಹೈಡ್ರಾಲಿಕ್ ಜಾಕಿಯೂ ಅಷ್ಟೇ, ಒಳಗಿನ ಒಂದು ರಬ್ಬರ್ ಸೀಲ್ ಹರಿದರೆ ಕಾರು ಕೆಳಗೆ. ಜಾಕಿ ಎತ್ತಲಿಕ್ಕೆ, ಹೊತ್ತು ನಿಲ್ಲಲಿಕ್ಕೆ ಜಾಕ್ ಸ್ಟ್ಯಾಂಡ್. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಇಡುವುದು ಕೆಲವೆಡೆ ಅಭ್ಯಾಸ. ಅವು ಮುನ್ಸೂಚನೆ ಕೊಡದೆ ಒಮ್ಮೆಲೇ ಒಡೆಯುತ್ತವೆ.

ಸಮತಟ್ಟಾದ ಗಟ್ಟಿ ನೆಲ, ಹ್ಯಾಂಡ್ ಬ್ರೇಕ್, ಗೇರಿನಲ್ಲಿ ನಿಲ್ಲಿಸಿದ ಕಾರು, ನೆಲದ ಮೇಲಿರುವ ಚಕ್ರಗಳಿಗೆ ಅಡ್ಡಗಟ್ಟೆ. ಸ್ಟ್ಯಾಂಡ್ ಇಡಬೇಕಾದ ಜಾಗವನ್ನು ಮ್ಯಾನ್ಯುಯಲ್ ಚಿತ್ರದಲ್ಲಿ ತೋರಿಸಿರುತ್ತದೆ. ಬಾಗಿಲ ಕೆಳಗಿನ ಅಂಚಿನಲ್ಲಿ ಸಾಮಾನ್ಯವಾಗಿ ಎರಡು ಕಚ್ಚು ಇರುತ್ತವೆ. ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೆ ಕಾರನ್ನು ಕೈಯಿಂದ ಜೋರಾಗಿ ಅಲುಗಾಡಿಸಿ. ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ. ಬಿಚ್ಚಿದ ಚಕ್ರವನ್ನು ಕಾರಿನಡಿ ಮಲಗಿಸಿಡುವುದೂ ಒಳ್ಳೆಯ ಅಭ್ಯಾಸ.

ಅಪಾರ್ಟ್‌ಮೆಂಟ್‌ನಲ್ಲಿರುವವರಿಗೆ ಇದೆಲ್ಲ ಕಷ್ಟ, ಗೊತ್ತು. ಬೇಸ್‌ಮೆಂಟಿನಲ್ಲಿ ಬೆಳಕಿರುವುದಿಲ್ಲ, ನೆಲಕ್ಕೆ ಆಯಿಲ್ ಬಿದ್ದರೆ ಅಸೋಸಿಯೇಷನ್‌ನವರು ಬಿಡುವುದಿಲ್ಲ. ಚಿಂತೆಯಿಲ್ಲ. ಏರ್ ಫಿಲ್ಟರ್, ಎಸಿಯ ಕ್ಯಾಬಿನ್ ಫಿಲ್ಟರ್, ವೈಪರ್, ಬಲ್ಬ್, ಬ್ಯಾಟರಿ, ಸ್ಪಾರ್ಕ್ ಪ್ಲಗ್ ಯಾವುದಕ್ಕೂ ಕಾರು ಎತ್ತಬೇಕಾಗಿಲ್ಲ. ಮೊದಲ ವರ್ಷಕ್ಕೆ ಅಷ್ಟೇ ಸಾಕಾಗುತ್ತದೆ.

ಮೊದಲ ದೊಡ್ಡ ಕೆಲಸ: ಆಯಿಲ್

ಊರಲ್ಲಿ ಅಂಗಳ ಇದ್ದವರು ಎಂಜಿನ್ ಆಯಿಲ್ ಬದಲಾವಣೆಯಿಂದ ಶುರು ಮಾಡಬಹುದು. ಎಂಜಿನ್ ಬೆಚ್ಚಗಿರಲಿ, ಸುಡುವಷ್ಟು ಬೇಡ. ಡ್ರೈನ್ ಬೋಲ್ಟ್ ಬಿಚ್ಚಿ ಹಳೆಯದನ್ನು ಇಳಿಸಿ. ಆ ಬೋಲ್ಟಿನ ಜೊತೆ ಒಂದು ಸಣ್ಣ ವಾಷರ್ ಬರುತ್ತದೆ. ಒಂದು ಸಲ ನಜ್ಜಿ ಸೀಲ್ ಆಗುವಂತೆ ಅದನ್ನು ಮಾಡಿರುತ್ತಾರೆ, ಪ್ರತಿ ಸಲ ಹೊಸದು ಹಾಕಿ. ಹಳೆಯ ವಾಷರ್‌ನಲ್ಲಿ ತೊಟ್ಟಿಕ್ಕುತ್ತದೆ, ನಿಲ್ಲಿಸಲು ಇನ್ನಷ್ಟು ಬಿಗಿಯುತ್ತಾರೆ, ಥ್ರೆಡ್ ಸ್ಲಿಪ್. ಹತ್ತಿಪ್ಪತ್ತು ರೂಪಾಯಿಯ ವಾಷರ್ ಉಳಿಸಲು ಹೋಗಿ ಆಯಿಲ್ ಪ್ಯಾನ್ ಬದಲಿಸುವುದು ಹೀಗೇ.

ಹಳೆಯ ಫಿಲ್ಟರ್ ತೆಗೆದಾಗ ಅದರ ರಬ್ಬರ್ ಉಂಗುರವೂ ಜೊತೆಯಲ್ಲೇ ಬಂತೇ ನೋಡಿ. ಕೆಲವು ಸಲ ಅದು ಎಂಜಿನ್‌ಗೇ ಅಂಟಿಕೊಂಡಿರುತ್ತದೆ. ಅದರ ಮೇಲೆ ಹೊಸ ಫಿಲ್ಟರ್ ಕೂರಿಸಿದರೆ ಎರಡು ಉಂಗುರ ಒಂದರ ಮೇಲೊಂದು ಜಾರಿ, ಎಂಜಿನ್ ಸ್ಟಾರ್ಟ್ ಆದ ಕೂಡಲೇ ಆಯಿಲೆಲ್ಲ ನೆಲಕ್ಕೆ ಸುರಿಯುತ್ತದೆ. ಹೊಸ ಉಂಗುರಕ್ಕೆ ಒಂದು ಬೆರಳು ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ, ತಾಗಿದ ಮೇಲೆ ಮುಕ್ಕಾಲು ಸುತ್ತು. ಅಲ್ಲಿಗೆ ನಿಲ್ಲಿಸಿ.

ಸಣ್ಣ ಪೆಟ್ರೋಲ್ ಕಾರಿಗೆ ಮೂರರಿಂದ ನಾಲ್ಕು ಲೀಟರ್ ಹಿಡಿಯುತ್ತದೆ. ಸ್ವಲ್ಪ ಕಡಿಮೆಯೇ ಹಾಕಿ, ಎಂಜಿನನ್ನು ಒಂದು ನಿಮಿಷ ಓಡಿಸಿ, ಆಯಿಲ್ ದೀಪ ಆರಿತೇ ನೋಡಿ. ನಿಲ್ಲಿಸಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡುತ್ತಾ ಮೇಲಿನ ಗುರುತಿನವರೆಗೆ ತುಂಬಿಸಿ. "ಇರಲಿ" ಅಂತ ಅರ್ಧ ಲೀಟರ್ ಜಾಸ್ತಿ ಸುರಿಯಬೇಡಿ. ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ, ನೊರೆಗೆ ಬೇರಿಂಗ್ ಕಾಯುವ ಶಕ್ತಿ ಇಲ್ಲ. ಹಳೆಯ ಆಯಿಲನ್ನು ಡಬ್ಬಿಗೆ ತುಂಬಿ, ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ಕೊಡಿ. ಮೋರಿಗಾಗಲಿ ತೆಂಗಿನ ಬುಡಕ್ಕಾಗಲಿ ಹಾಕಬೇಡಿ.

ಚೆಕ್ ಲೈಟ್ ಉರಿದಾಗ

ಭಾರತದಲ್ಲಿ 2013ರ ಏಪ್ರಿಲ್‌ನಿಂದ ಬಿಎಸ್-4 (ಹೊಗೆ ಮಿತಿಯ ನಿಯಮ) ಕಾರುಗಳಿಗೆ ಒಬಿಡಿ-2, ಅಂದರೆ ಕಾರು ತನ್ನ ದೋಷವನ್ನು ತಾನೇ ಗುರುತಿಸಿ ಬರೆದಿಡುವ ವ್ಯವಸ್ಥೆ, ಕಡ್ಡಾಯವಾಯಿತು. ಸ್ಟೀರಿಂಗ್ ಕೆಳಗೆ ಕೈ ಹಾಕಿದರೆ 16 ಪಿನ್ನಿನ ಒಂದು ಸಾಕೆಟ್ ಸಿಗುತ್ತದೆ. ಅದಕ್ಕೆ ಬ್ಲೂಟೂತ್ ಅಡಾಪ್ಟರ್ ಚುಚ್ಚಿ, ಮೊಬೈಲಿನಲ್ಲಿ ಆ್ಯಪ್ ತೆರೆದರೆ ಎಂಜಿನ್ ಕಂಪ್ಯೂಟರ್ ಬರೆದಿಟ್ಟ ಕೋಡ್ ಓದಬಹುದು. ಇಲ್ಲಿಯವರೆಗೆ ಸುಲಭ. ಕೋಡ್ ಓದಿದ ಕೂಡಲೇ ಪಾರ್ಟ್ ಆರ್ಡರ್ ಮಾಡುವುದು ದೊಡ್ಡ ತಪ್ಪು. ಕಂಪ್ಯೂಟರ್ ತಾನು ಕಂಡ ಲಕ್ಷಣವನ್ನಷ್ಟೇ ಬರೆದಿರುತ್ತದೆ. ಯಾವ ಪಾರ್ಟ್ ಕೆಟ್ಟಿದೆ ಅನ್ನುವುದು ಅದಕ್ಕೂ ಗೊತ್ತಿರುವುದಿಲ್ಲ.

ಪಿ0301 ತೆಗೆದುಕೊಳ್ಳಿ. ಒಂದನೇ ಸಿಲಿಂಡರ್ ಮಿಸ್ಸಿಂಗ್ ಹೊಡೆಯುತ್ತಿದೆ ಅಂತ ಅರ್ಥ. ಕಾರಣ ಪ್ಲಗ್ಗಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಇರಬಹುದು, ಪ್ಲಗ್ ಇರಬಹುದು, ಇಂಜೆಕ್ಟರ್ ಇರಬಹುದು, ಕಂಪ್ರೆಷನ್ನೇ ಇಲ್ಲದಿರಬಹುದು. ಇವತ್ತಿನ ಹೆಚ್ಚಿನ ಪೆಟ್ರೋಲ್ ಎಂಜಿನ್‌ಗಳಲ್ಲಿ ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್. ಎಂಜಿನ್ ತಣ್ಣಗಾದ ಮೇಲೆ 10ರ ಸ್ಪಾನರಿನಲ್ಲಿ ಒಂದನೇ ಮತ್ತು ಎರಡನೇ ಸಿಲಿಂಡರಿನ ಕಾಯಿಲ್‌ಗಳನ್ನು ಅದಲುಬದಲು ಮಾಡಿ. ಕೋಡ್ ಅಳಿಸಿ, ಒಂದು ಸುತ್ತು ಓಡಿಸಿ ಬನ್ನಿ. ಈಗ ಪಿ0302 ಬಂದರೆ ರೋಗ ಕಾಯಿಲ್ ಜೊತೆಗೇ ಹೋಯಿತು, ಕಾಯಿಲ್ ಬದಲಿಸಿ. ಪಿ0301 ಅಲ್ಲೇ ಉಳಿದರೆ ಕಾಯಿಲ್ ಚೆನ್ನಾಗಿದೆ. ಮುಂದಿನ ಸರದಿ ಪ್ಲಗ್‌ನದು, ಅದನ್ನೂ ಹಾಗೇ ಅದಲುಬದಲು ಮಾಡಿ. ಇದಕ್ಕೆ ಖರ್ಚು ಸೊನ್ನೆ. ಒಂದು ಎಚ್ಚರಿಕೆ: ಚೆಕ್ ಲೈಟ್ ಮಿಣುಕುತ್ತಿದ್ದರೆ ಜೋರಾಗಿ ಓಡಿಸಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಹೊತ್ತಿಕೊಳ್ಳುತ್ತದೆ. ಆ ಕನ್ವರ್ಟರ್‌ನ ಬೆಲೆಗೆ ಹತ್ತಾರು ಕಾಯಿಲ್ ಬರುತ್ತವೆ.

ಪಿ0171 ಸ್ವಲ್ಪ ಕಠಿಣ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತ ಅದರ ಅರ್ಥ. ಇದನ್ನು ಹೇಳಿದ್ದು ಆಕ್ಸಿಜನ್ ಸೆನ್ಸರ್, ಆದ್ದರಿಂದ ಬಹಳ ಕಡೆ ಆ ಸೆನ್ಸರನ್ನೇ ಬದಲಿಸುತ್ತಾರೆ. ಸುದ್ದಿ ತಂದವನಿಗೆ ಶಿಕ್ಷೆ! ಆ್ಯಪ್‌ನಲ್ಲಿ ಫ್ಯೂಯೆಲ್ ಟ್ರಿಮ್ ಅಂತ ಒಂದು ಸಂಖ್ಯೆ ಇರುತ್ತದೆ. ಕೊರತೆ ತುಂಬಲು ಕಂಪ್ಯೂಟರ್ ಎಷ್ಟು ಶೇಕಡಾ ಪೆಟ್ರೋಲ್ ಜಾಸ್ತಿ ಹಾಕುತ್ತಿದೆ ಅನ್ನುವುದನ್ನು ಅದು ತೋರಿಸುತ್ತದೆ. ಗಾಳಿಯ ಹರಿವನ್ನು ನೇರವಾಗಿ ಅಳೆಯುವ ಸೆನ್ಸರ್ ಇರುವ ಎಂಜಿನ್‌ಗಳಲ್ಲಿ, ಸುಮ್ನೆ ನಿಂತು ಓಡುವಾಗ ಈ ಸಂಖ್ಯೆ ಜಾಸ್ತಿಯಿದ್ದು 2,500 ಆರ್‌ಪಿಎಂಗೆ ಏರಿಸಿದಾಗ ಇಳಿದರೆ, ಎಲ್ಲೋ ಹೋಸ್ ಸೀಳಿ ಗಾಳಿ ಕಳ್ಳದಾರಿಯಲ್ಲಿ ಬರುತ್ತಿದೆ. ಸೀಳಿನಿಂದ ಬರುವ ಗಾಳಿ ಹೆಚ್ಚುಕಡಿಮೆ ಅಷ್ಟೇ, ಎಂಜಿನ್ ಒಟ್ಟು ಎಳೆಯುವ ಗಾಳಿ ಜಾಸ್ತಿಯಾದಾಗ ಅದರ ಪಾಲು ಸಣ್ಣದಾಗುತ್ತದೆ. ತದ್ವಿರುದ್ಧವಾಗಿ, ಲೋಡ್ ಏರಿದಂತೆ ಸಂಖ್ಯೆಯೂ ಏರಿದರೆ ಪೆಟ್ರೋಲ್ ಪಂಪ್, ಫಿಲ್ಟರ್ ಅಥವಾ ಗಾಳಿಯ ಸೆನ್ಸರ್ ನೋಡಬೇಕು. ನಮ್ಮಲ್ಲಿನ ಅನೇಕ ಸಣ್ಣ ಕಾರುಗಳು ಗಾಳಿಯ ಹರಿವಿನ ಬದಲು ಎಂಜಿನ್ ಗಾಳಿ ಎಳೆಯುವ ಕೊಳವೆಯ (ಮ್ಯಾನಿಫೋಲ್ಡಿನ) ಒತ್ತಡ ಅಳೆಯುತ್ತವೆ. ಅವುಗಳಲ್ಲಿ ಹೋಸ್ ಸೀಳಿದರೆ ಟ್ರಿಮ್‌ಗಿಂತ ಹೆಚ್ಚಾಗಿ ಐಡಲ್ (ಸುಮ್ನೆ ನಿಂತು ಓಡುವಾಗಿನ ಎಂಜಿನ್ ವೇಗ) ಏರಿರುವುದೇ ಸುಳಿವು.

ಬ್ರೇಕ್, ಮತ್ತು ಮುಟ್ಟಬಾರದ್ದು

ಬ್ರೇಕ್ ಪ್ಯಾಡ್ ಬದಲಿಸುವುದು ತಾಂತ್ರಿಕವಾಗಿ ಸುಲಭ. ಬಹಳಷ್ಟು ಕಾರುಗಳಲ್ಲಿ ಎರಡು ಬೋಲ್ಟ್ ಬಿಚ್ಚಿದರೆ ಕ್ಯಾಲಿಪರ್ ಕೈಗೆ ಬರುತ್ತದೆ. ಆದರೂ ಮೊದಲ ಸಲ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ. ಹೊಸ ಪ್ಯಾಡ್ ದಪ್ಪ, ಅದಕ್ಕಾಗಿ ಪಿಸ್ಟನ್ ಹಿಂದಕ್ಕೆ ತಳ್ಳಿರುತ್ತೀರಿ. ಹಾಗಾಗಿ ಕೆಲಸ ಮುಗಿಸಿ ಕೂತು ಮೊದಲ ಸಲ ಒತ್ತಿದಾಗ ಪೆಡಲ್ ನೆಲಕ್ಕೇ ಹೋಗುತ್ತದೆ. ಗಟ್ಟಿಯಾಗುವ ತನಕ ನಿಂತಲ್ಲೇ ಒತ್ತುತ್ತಾ ಇರಿ, ಆಮೇಲೆ ಗೇರ್ ಹಾಕಿ. ಇದನ್ನು ಮರೆತು ಗೇಟಿಗೆ ಗುದ್ದಿದವರ ಕಥೆ ಎಲ್ಲ ಊರಲ್ಲೂ ಇದೆ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಯುವ ಬಿಂದು ಕನಿಷ್ಠ 205 ಡಿಗ್ರಿ ಇರಬೇಕು, ತೇವ ಕುಡಿದ ಮೇಲೆ ಆ ಮಿತಿ 140. ಡಾಟ್ 4ಕ್ಕೆ 230 ಮತ್ತು 155. ಚಾರ್ಮಾಡಿ, ಆಗುಂಬೆ ಥರದ ಘಾಟಿ ಇಳಿಯುವಾಗ ಬ್ರೇಕ್ ಒತ್ತಿಯೇ ಇದ್ದರೆ ಹಳೆಯ ಆಯಿಲ್ ಕುದಿದು ಆವಿಯಾಗುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುವುದು ಇದಕ್ಕೇ. ಬದಲಿಸುವಾಗ ಲೈನಿನೊಳಗೆ ಗಾಳಿ ಸೇರಬಾರದು. ಎಬಿಎಸ್ ಇದ್ದರೆ ಕೆಲವು ಕಾರುಗಳಿಗೆ ಸ್ಕ್ಯಾನರ್ ಬೇಕಾಗುತ್ತದೆ. ಈ ಕೆಲಸವನ್ನು ನಾನು ಗ್ಯಾರೇಜಿಗೇ ಬಿಡಿ ಅನ್ನುತ್ತೇನೆ.

ಏರ್‌ಬ್ಯಾಗಿನ ಹಳದಿ ವೈರ್, ಎಲೆಕ್ಟ್ರಿಕ್ ಮತ್ತು ಸ್ಟ್ರಾಂಗ್ ಹೈಬ್ರಿಡ್ ಕಾರಿನ ಕಿತ್ತಳೆ ಕೇಬಲ್, ಎಸಿ ಗ್ಯಾಸ್, ಅದುಮಿಟ್ಟ ಸಸ್ಪೆನ್ಷನ್ ಸ್ಪ್ರಿಂಗ್: ಈ ನಾಲ್ಕನ್ನೂ ಮುಟ್ಟಬೇಡಿ. ಬಿಸಿ ರೇಡಿಯೇಟರಿನ ಮುಚ್ಚಳವನ್ನೂ ತೆಗೆಯಬೇಡಿ. ಒತ್ತಡದಲ್ಲಿ ನೂರು ಡಿಗ್ರಿ ದಾಟಿಯೂ ಕುದಿಯದೆ ಕೂತಿರುವ ಕೂಲೆಂಟ್ ಮುಚ್ಚಳ ತೆರೆದ ಕ್ಷಣ ಮುಖಕ್ಕೆ ಹಾರುತ್ತದೆ.

ಪಾರ್ಟ್ ತರಲು ಬೆಂಗಳೂರಿನ ಜೆ.ಸಿ. ರೋಡ್ ಆಗಲಿ, ನಿಮ್ಮೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಾಗಲಿ, ಕಾರಿನ ಹೆಸರು ಮತ್ತು ವರ್ಷ ಹೇಳಿದರೆ ಸಾಲದು. ಒಂದೇ ವರ್ಷದೊಳಗೆ ಪಾರ್ಟ್ ಬದಲಾಗಿರುತ್ತದೆ. 17 ಅಕ್ಷರದ ಚಾಸಿ ನಂಬರ್ ಫೋಟೊ ಇಟ್ಟುಕೊಳ್ಳಿ, ಹಳೆಯ ಪಾರ್ಟನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ. ಶಿವಾಜಿನಗರದ ಗುಜರಿಯಲ್ಲಿ ಕನ್ನಡಿ, ಬಾಗಿಲ ಹಿಡಿ, ಸ್ವಿಚ್ ಥರದ್ದು ಹಳೆಯದೇ ಸಿಕ್ಕರೆ ಲಾಭ. ಬ್ರೇಕ್, ಸ್ಟೀರಿಂಗ್ ಪಾರ್ಟ್ ಮಾತ್ರ ಗುಜರಿಯಿಂದ ತರಬೇಡಿ.

ಮಾಡಿಫಿಕೇಷನ್: ಮೊದಲು ಇರುವುದನ್ನು ಅಳೆಯಿರಿ

ಹೆಡ್‌ಲೈಟ್ ಮಂಕು ಅನ್ನುವುದು ಹಳೆಯ ಕಾರಿನವರೆಲ್ಲರ ದೂರು. ಅಂಗಡಿಯವರು 100/90 ವ್ಯಾಟ್ (ಹೈ ಬೀಮ್/ಡಿಮ್) ಬಲ್ಬ್ ಕೊಡುತ್ತಾರೆ. ಕಂಪನಿಯ ಎಚ್4 ಬಲ್ಬ್ 60/55. ಡಿಮ್‌ನಲ್ಲಿ ಎರಡು ಬಲ್ಬ್ ಸೇರಿ ಸುಮಾರು 9 ಆಂಪಿಯರ್ ಎಳೆಯುತ್ತವೆ. 90 ವ್ಯಾಟ್ ಹಾಕಿದರೆ 15. ಅದೇ ತೆಳು ವೈರ್, ಅದೇ ಸ್ವಿಚ್. ಹೋಲ್ಡರ್ ಕರಗುವುದು ಇದರಿಂದಲೇ.

ಈಗ ಮೀಟರ್ ತನ್ನಿ. ಎಂಜಿನ್ ಓಡುತ್ತಿರಲಿ, ಲೈಟ್ ಹಾಕಿ, ಹೋಲ್ಡರಿನ ಹಿಂಬದಿಯಿಂದ ಬಲ್ಬಿನ ಬಾಯಲ್ಲೇ ವೋಲ್ಟ್ ನೋಡಿ. ಬ್ಯಾಟರಿಯಲ್ಲಿ 13.8 ಇದ್ದು ಬಲ್ಬಿನಲ್ಲಿ 12 ಬಂದರೆ, ಉಳಿದ 1.8 ವೋಲ್ಟ್ ದಾರಿಯಲ್ಲೇ ಹೋಯಿತು. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟಿನ ಸುಮಾರು 3.4ನೇ ಘಾತದಲ್ಲಿ ಏರಿಳಿಯುತ್ತದೆ. ಶೇಕಡಾ 13 ವೋಲ್ಟ್ ಕಡಿಮೆಯಾದರೆ ಬೆಳಕು ಶೇಕಡಾ 38ರಷ್ಟು ಕಡಿಮೆ! ಇದಕ್ಕೆ ಔಷಧ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್. ಬ್ಯಾಟರಿಯಿಂದ ಫ್ಯೂಸ್ ಮೂಲಕ 2.5 ಚದರ ಮಿಮೀ ವೈರ್ ರಿಲೇಯ 30ನೇ ಪಿನ್ನಿಗೆ, 87ರಿಂದ ಬಲ್ಬಿಗೆ. ಹಳೆಯ ಹೆಡ್‌ಲೈಟ್ ವೈರ್ 85 ಮತ್ತು 86ಕ್ಕೆ ಸೇರಿ ರಿಲೇಯನ್ನು ಆನ್ ಮಾಡುವ ಕೆಲಸವನ್ನಷ್ಟೇ ಮಾಡುತ್ತದೆ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ದೂರ ಇಟ್ಟರೆ, ಅದಕ್ಕೂ ಮೊದಲೇ ವೈರ್ ಎಲ್ಲಾದರೂ ಉಜ್ಜಿ ಶಾರ್ಟ್ ಆದಾಗ ಕಾಯುವವರಿಲ್ಲ. ಇಷ್ಟಾದರೆ ಅದೇ 55 ವ್ಯಾಟ್ ಬಲ್ಬ್ ಹೊಸದಾಗಿ ಕಾಣುತ್ತದೆ. ಹ್ಯಾಲೊಜೆನ್ ರಿಫ್ಲೆಕ್ಟರ್‌ಗೆ ಎಲ್‌ಇಡಿ ಬಲ್ಬ್ ತುರುಕುವುದು ಬೇಡ. ರಿಫ್ಲೆಕ್ಟರಿನ ಬಾಗು ಫಿಲಮೆಂಟ್ ಇರುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿದ್ದು. ಬೆಳಕು ಸ್ವಲ್ಪ ಅತ್ತಿತ್ತ ಹುಟ್ಟಿದರೂ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಲೈಟನ್ನೂ ಕಂಪ್ಯೂಟರೇ ನೋಡಿಕೊಳ್ಳುವ ಹೊಸ ಕಾರುಗಳಲ್ಲಿ ಈ ರಿಲೇ ಕೆಲಸಕ್ಕೂ ಕೈ ಹಾಕಬೇಡಿ.

ಟೈರಿಗೂ ಲೆಕ್ಕ ಇದೆ. ಸ್ವಿಫ್ಟ್‌ನ ಕೆಳಗಿನ ವೇರಿಯಂಟ್‌ಗೆ 165/80 ಆರ್14 ಬರುತ್ತಿತ್ತು. ಟೈರಿನ ಅಗಲ 165 ಮಿಮೀ, ಪಕ್ಕದ ಎತ್ತರ ಅದರ ಶೇಕಡಾ 80 ಅಂದರೆ 132 ಮಿಮೀ, ಎರಡು ಕಡೆ ಸೇರಿ 264. ಅದಕ್ಕೆ ರಿಮ್ಮಿನ 14 ಇಂಚು, ಅಂದರೆ 355.6 ಕೂಡಿಸಿ: ಒಟ್ಟು ವ್ಯಾಸ 619.6 ಮಿಮೀ. ಮೇಲಿನ ವೇರಿಯಂಟ್‌ನ 185/65 ಆರ್15ಕ್ಕೆ ಹೀಗೇ ಲೆಕ್ಕ ಹಾಕಿದರೆ 621.5. ವ್ಯತ್ಯಾಸ ಎರಡೇ ಮಿಮೀ, ಸ್ಪೀಡೋಮೀಟರ್‌ಗೆ ಗೊತ್ತೂ ಆಗುವುದಿಲ್ಲ. 195/65 ಹಾಕಿದರೆ 634.5. ಮೀಟರ್ 100 ತೋರಿಸುವಾಗ ಕಾರು ಮೊದಲಿಗಿಂತ ಶೇಕಡಾ 2.4 ಜಾಸ್ತಿ ಓಡುತ್ತಿರುತ್ತದೆ, ಪಿಕಪ್ ಅಷ್ಟು ಇಳಿಯುತ್ತದೆ, ತಿರುವಿನಲ್ಲಿ ಮಡ್‌ಗಾರ್ಡಿಗೆ ಉಜ್ಜಲೂಬಹುದು. ಕಂಪನಿಯೇ ಅದೇ ಮಾದರಿಯ ಮೇಲಿನ ವೇರಿಯಂಟ್‌ಗೆ ಕೊಟ್ಟ ಅಳತೆ ಎಲ್ಲಕ್ಕಿಂತ ಸುರಕ್ಷಿತ.

ಕಾರು ತಗ್ಗಿ ಕಾಣಲಿ ಅಂತ ಸ್ಪ್ರಿಂಗ್ ಕತ್ತರಿಸುವವರಿಗೆ ನನ್ನದೇನೂ ಸಹಾನುಭೂತಿ ಇಲ್ಲ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಡುಸಾಗುತ್ತದೆ, ಅದಕ್ಕೆ ಹೊಂದಬೇಕಾದ ಶಾಕ್ ಅಬ್ಸಾರ್ಬರ್ ಹಳೆಯದೇ ಇರುತ್ತದೆ. ಚಕ್ರ ಗುಂಡಿಗೆ ಪೂರ್ತಿ ಇಳಿದಾಗ ಗಿಡ್ಡ ಸ್ಪ್ರಿಂಗ್ ತನ್ನ ಜಾಗದಿಂದ ಕಳಚಿಕೊಳ್ಳಬಹುದು.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿ ಬರೆದ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಒಪ್ಪಿಗೆಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಕಾಯ್ದೆಯಲ್ಲಿದೆ. ಬಂಪರ್ ಮುಂದೆ ಹಾಕಿಸುವ ಲೋಹದ ಬುಲ್ ಬಾರ್ ವಿರುದ್ಧ ಕ್ರಮ ಕೈಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಪಾದಚಾರಿಗೆ ಅದು ಅಪಾಯ, ಒಳಗಿರುವವರಿಗೂ ಏರ್‌ಬ್ಯಾಗ್ ತೆರೆಯುವ ಹೊತ್ತು ತಪ್ಪಬಹುದು. ಗಾಜಿನ ವಿಷಯದಲ್ಲಿ ಮುಂದೆ ಹಿಂದೆ ಶೇಕಡಾ 70, ಪಕ್ಕದಲ್ಲಿ ಶೇಕಡಾ 50 ಬೆಳಕು ದಾಟಬೇಕು. ಸಿಎನ್‌ಜಿ ಕಿಟ್ ಹಾಕಿಸಬಹುದು, ಬಣ್ಣವನ್ನೂ ಬದಲಿಸಬಹುದು. ಕಿಟ್ ಮಾನ್ಯತೆ ಪಡೆದದ್ದಾಗಿರಬೇಕು, ಎರಡಕ್ಕೂ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಬೇಕು. ಬರೆಸಿದ ಮೇಲೆ ಅದರ ಪ್ರತಿಯನ್ನು ವಿಮೆ ಕಂಪನಿಗೂ ಕಳಿಸಿ, ಇಲ್ಲದಿದ್ದರೆ ಕ್ಲೇಮ್ ಹೊತ್ತಿಗೆ ತಕರಾರು ಏಳುತ್ತದೆ.